ಪರೋಟದ ಗೋತ್ರ ಯಾವುದು?

1991ರಲ್ಲಿ ಇಂಗ್ಲೆಂಡಿನ ವ್ಯಾಟ್ ನ್ಯಾಯಮಂಡಳಿಯೊಂದು ಒಂದು ತಿಂಡಿಯನ್ನು ಮುಂದಿಟ್ಟುಕೊಂಡು ವಿಚಾರಣೆಗೆ ಕೂತಿತು. ತಿಂಡಿಯ ಹೆಸರು ಜಾಫಾ ಕೇಕ್. ಕೆಳಗೆ ಮೆತ್ತನೆಯ ಸ್ಪಂಜಿನ ಬಿಲ್ಲೆ, ಅದರ ಮೇಲೆ ಕಿತ್ತಳೆ ರುಚಿಯ ಜೆಲ್ಲಿಯ ತೆಳು ಪದರ, ಜೆಲ್ಲಿಯನ್ನು ಮುಚ್ಚುವಂತೆ ಮೇಲ್ಗಡೆ ಚಾಕೊಲೇಟು. ಅಂಗೈಗಿಂತ ಚಿಕ್ಕದು. ಮ್ಯಾಕ್‌ವಿಟೀಸ್‌ನವರು 1927ರಿಂದ ಅದನ್ನು ಮಾಡಿ ಮಾರುತ್ತಿದ್ದರು, ಜನ ಚಹಾದ ಜೊತೆ ಕೈಯಲ್ಲೇ ಹಿಡಿದು ತಿನ್ನುತ್ತಿದ್ದರು, ಅಂಗಡಿಯವರು ಬಿಸ್ಕತ್ತಿನ ಸಾಲಿನಲ್ಲಿ ಜೋಡಿಸಿಡುತ್ತಿದ್ದರು. ಹೀಗಿರುವಾಗ ಸುಂಕದ ಇಲಾಖೆ ಎದ್ದು ನಿಂತು ಕೇಳಿತು: ಇದು ಕೇಕೋ, ಬಿಸ್ಕತ್ತೋ?

ತಿನ್ನುವವನಿಗೆ ಇದು ಪ್ರಶ್ನೆಯೇ ಅಲ್ಲ. ವಸೂಲಿಗೆ ಕೂತವನಿಗೆ ಇದರಷ್ಟು ದೊಡ್ಡ ಪ್ರಶ್ನೆ ಇನ್ನೊಂದಿಲ್ಲ. ಬ್ರಿಟನ್ನಿನಲ್ಲಿ ಊಟತಿಂಡಿಯ ಬಹುಪಾಲು ಪದಾರ್ಥಗಳಿಗೆ ವ್ಯಾಟ್ ಸೊನ್ನೆ. ಕೇಕಿಗೂ ಸೊನ್ನೆ, ಬಿಸ್ಕತ್ತಿಗೂ ಸೊನ್ನೆ. ಆದರೆ ಬಿಸ್ಕತ್ತಿಗೆ ಚಾಕೊಲೇಟು ಹೊದಿಸಿದಿರೋ, ಅದು ಹೊಟ್ಟೆಪಾಡಿನ ಲೆಕ್ಕ ಬಿಟ್ಟು ಬಾಯಿಚಪಲದ ಲೆಕ್ಕಕ್ಕೆ ಸೇರಿತು. ಆಗಿನ ದರದಲ್ಲಿ ಶೇ. 17.5 ಕಟ್ಟಬೇಕು. ಕೇಕಿಗೆ ಈ ಕಟ್ಟಳೆಯಿಲ್ಲ. ಕೇಕನ್ನು ಚಾಕೊಲೇಟಿನಲ್ಲಿ ಮುಳುಗಿಸಿ ತೆಗೆದರೂ ಅದು ಸಾತ್ವಿಕ ಆಹಾರವೇ. ಯಾಕೆ ಹೀಗೆ ಎಂದು ಕೇಳಬಾರದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ನಮ್ಮ ಹಿರಿಯರು ಸುಮ್ಮನೆ ಗಾದೆ ಕಟ್ಟಲಿಲ್ಲ.

ಆದರೆ ಈ ಪ್ರಕರಣದಲ್ಲಿ ಸುಖದುಃಖ ಕೇಳುವವರೊಬ್ಬರು ಸಿಕ್ಕರು. ನ್ಯಾಯಮಂಡಳಿಯ ಅಧ್ಯಕ್ಷ ಡೊನಾಲ್ಡ್ ಪಾಟರ್ ತಿಂಡಿಯನ್ನು ಎಲ್ಲ ಕಡೆಯಿಂದಲೂ ನೋಡಿದರು. ಹೆಸರಿನಲ್ಲಿ ಕೇಕ್ ಇದೆಯಲ್ಲ ಎಂಬ ವಾದಕ್ಕೆ ಹೆಚ್ಚು ತೂಕ ಕೊಡಲಿಲ್ಲ. ಹೆಸರು ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದು. ಗಾತ್ರ ಬಿಸ್ಕತ್ತಿನದು, ಪೊಟ್ಟಣ ಬಿಸ್ಕತ್ತಿನದು, ಅಂಗಡಿಯಲ್ಲಿ ಜಾಗ ಬಿಸ್ಕತ್ತಿನ ಪಕ್ಕ. ಫೋರ್ಕು ಬೇಕಿಲ್ಲ, ಬೆರಳಲ್ಲೇ ತಿನ್ನುತ್ತಾರೆ. ಇಷ್ಟೂ ಇಲಾಖೆಯ ಪರ. ಇನ್ನೊಂದು ಕಡೆ, ಹಿಟ್ಟು ಕಲಸುವ ರೀತಿ ಕೇಕಿನದು, ಮುರಿದರೆ ಟಕ್ಕೆನ್ನುವುದಿಲ್ಲ, ಮೆತ್ತಗೆ ಪುಡಿಯಾಗುತ್ತದೆ. ಕೊನೆಗೊಂದು ಪರೀಕ್ಷೆ, ನನಗೆ ಬಹಳ ಹಿಡಿಸಿದ್ದು: ಹಾಗೇ ತೆರೆದಿಟ್ಟರೆ ಏನಾಗುತ್ತದೆ? ಬಿಸ್ಕತ್ತು ಮೆತ್ತಗಾಗುತ್ತದೆ, ಕೇಕು ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಸರಿಯಾಗಿ ಹಾಕದೆ ಬೈಸಿಕೊಂಡ ಯಾವ ಹುಡುಗನಾದರೂ ಈ ಸಾಕ್ಷ್ಯ ನುಡಿದಾನು. ಮಾರಿ ಬಿಸ್ಕತ್ತು ಎತ್ತಿದರೆ ಜೋತು ಬೀಳುತ್ತದೆ; ಬೇಕರಿಯ ಕೇಕು ಮೂರನೇ ದಿನಕ್ಕೆ ಗೋಡೆಗೆ ಎಸೆಯುವ ಹದಕ್ಕೆ ಬರುತ್ತದೆ. ಜಾಫಾ ಕೇಕ್ ಗಟ್ಟಿಯಾಯಿತು. ಆದ್ದರಿಂದ ಕೇಕು. ಆದ್ದರಿಂದ ಸೊನ್ನೆ.

ಇದೆಲ್ಲ ದೊರೆಗಳ ದೇಶದ ಹುಚ್ಚಾಟ ಎಂದು ನಕ್ಕು ಮುಂದೆ ಹೋಗಬಹುದು. ಆದರೆ ಅದೇ ಇಲಾಖೆಯ ಮಾರ್ಗಸೂಚಿಯಲ್ಲಿ ಶುಂಠಿ ಬಿಸ್ಕತ್ತಿನ ಗೊಂಬೆಯ ಮಾತು ಬರುತ್ತದೆ, ಅದನ್ನು ಬಿಟ್ಟು ಹೋಗುವುದು ನನ್ನಿಂದ ಆಗದು. ಕ್ರಿಸ್‌ಮಸ್ ಹೊತ್ತಿಗೆ ಮನುಷ್ಯಾಕಾರದಲ್ಲಿ ಕತ್ತರಿಸಿ ಬೇಯಿಸುವ ಬಿಸ್ಕತ್ತು ಅದು. ಚಾಕೊಲೇಟಿನಿಂದ ಎರಡು ಚುಕ್ಕಿ ಇಟ್ಟು ಕಣ್ಣು ಮಾಡಿದರೆ ತೆರಿಗೆ ಇಲ್ಲ. ಅದೇ ಚಾಕೊಲೇಟಿನಿಂದ ಅಂಗಿಗೆ ಗುಂಡಿಯನ್ನೋ ಸೊಂಟಕ್ಕೆ ಪಟ್ಟಿಯನ್ನೋ ಇಟ್ಟರೆ ಪೂರ್ತಿ ತೆರಿಗೆ. ಗೊಂಬೆಗೆ ದೃಷ್ಟಿ ಕೊಡುವುದು ಅವಶ್ಯಕತೆ, ಬಟ್ಟೆ ತೊಡಿಸುವುದು ವಿಲಾಸ. ಯಾವುದೋ ಕಚೇರಿಯಲ್ಲಿ, ಯಾವುದೋ ಮಧ್ಯಾಹ್ನ, ಸಂಬಳ ಪಡೆಯುವ ಗಂಭೀರ ಮನುಷ್ಯರು ಮೇಜಿನ ಸುತ್ತ ಕೂತು ಇದನ್ನು ತೀರ್ಮಾನಿಸಿರಬೇಕಲ್ಲ. ಆ ಸಭೆಯ ನಡಾವಳಿ ಓದುವ ಆಸೆ ನನಗಿದೆ.

ಪ್ರಿಂಗಲ್ಸ್‌ನವರ ವಾದ ಇನ್ನೂ ಸೊಗಸು. ಆಲೂಗಡ್ಡೆ ಚಿಪ್ಸಿಗೆ ಬ್ರಿಟನ್ನಿನಲ್ಲಿ ತೆರಿಗೆಯಿದೆ. ಕಂಪನಿ ಕೋರ್ಟಿಗೆ ಹೋಗಿ, ಸ್ವಾಮಿ, ನಮ್ಮದರಲ್ಲಿ ಆಲೂಗಡ್ಡೆ ಅರ್ಧಕ್ಕಿಂತ ಕಡಿಮೆ, ಹೀಗಾಗಿ ಅದು ಆಲೂಗಡ್ಡೆಯ ಪದಾರ್ಥವೇ ಅಲ್ಲ ಎಂದಿತು. ಜಾಹೀರಾತಿನಲ್ಲಿ ತನ್ನ ಮಾಲನ್ನು ಹೊಗಳಿಕೊಳ್ಳುವ ಕಂಪನಿಯೇ ಕಟಕಟೆಯಲ್ಲಿ ನಿಂತು ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಎಂದು ಗೋಗರೆಯುವುದನ್ನು ನೋಡಬೇಕಾದರೆ ತೆರಿಗೆಯ ಕೋರ್ಟಿಗೇ ಹೋಗಬೇಕು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಮಾತು ಒಪ್ಪಲಿಲ್ಲ. ಶೇ. 42ರಷ್ಟು ಆಲೂಗಡ್ಡೆ ಇದ್ದರೆ ಸಾಕು ಎಂದಿತು.

ನಮ್ಮ ಭಾವನವರು ತೆರಿಗೆ ಸಲಹೆಗಾರರು. ಉಡುಪಿ ಕಡೆಯವರು, ಬೆಂಗಳೂರಿನಲ್ಲಿ ಕಚೇರಿ. ಇಂಥ ಕಥೆಗಳು ನನಗೆ ಸಿಕ್ಕಿದ್ದೆಲ್ಲ ಅವರಿಂದ, ಊಟಕ್ಕೆ ಕೂತಾಗ. ಅವರ ಸಿದ್ಧಾಂತ ಸರಳ. "ತೆರಿಗೆ ಅಂದ್ರೆ ದುಡ್ಡಿನ ವಿಷಯ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ ಮಾರಾಯ. ದುಡ್ಡು ಆಮೇಲೆ. ಮೊದಲು ಗೋತ್ರ. ಗೋತ್ರ ಗೊತ್ತಿಲ್ಲದೆ ಸಂಕಲ್ಪ ಮಾಡ್ಲಿಕ್ಕೆ ಆಗ್ತದಾ?" ಗೋತ್ರ ಎಂದರೆ ಅವರ ಲೆಕ್ಕದಲ್ಲಿ ದರಪಟ್ಟಿಯ ಹೆಡಿಂಗು, ಆ ನಾಲ್ಕಂಕಿಯ ಎಚ್‌ಎಸ್‌ಎನ್ ಸಂಖ್ಯೆ. ಲೋಕದ ಪ್ರತಿ ವಸ್ತುವೂ ಅದರಲ್ಲಿ ಯಾವುದಾದರೊಂದು ಮನೆಗೆ ಸೇರಲೇಬೇಕು. ತೆರಿಗೆ ಹಾಕುವವನು ಒಂದು ಹೆಸರು ಹಿಡಿದು ಬರುತ್ತಾನೆ, ಕಟ್ಟುವವನು ಆ ಹೆಸರಿನಿಂದ ನುಣುಚಿಕೊಳ್ಳಲು ನೋಡುತ್ತಾನೆ. ನೂರಾರು ವರ್ಷಗಳಿಂದ ಇದೇ ನಡೆದು ಬಂದಿದೆ. ಹೆಸರಿನಿಂದ ನುಣುಚಿಕೊಳ್ಳುವ ಭರದಲ್ಲಿ ಜನ ವಸ್ತುವಿನ ಆಕಾರವನ್ನೇ ಬದಲಾಯಿಸಿಬಿಟ್ಟಿದ್ದಾರೆ ಎಂಬುದು ನನ್ನ ಸೇರ್ಪಡೆ. ಭಾವ ಅದನ್ನು ಒಪ್ಪುತ್ತಾರೆ, ಆದರೆ ಫೀಸು ಕೊಡುವುದಿಲ್ಲ.

ಇದಕ್ಕೆ ಇಂಗ್ಲೆಂಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1662ರಲ್ಲಿ ಅಲ್ಲಿ ಒಲೆ ತೆರಿಗೆ ಬಂತು. ಮನೆಯಲ್ಲಿ ಎಷ್ಟು ಅಗ್ಗಿಷ್ಟಿಕೆಯೋ ಅಷ್ಟು ಎರಡು ಷಿಲಿಂಗ್, ವರ್ಷಕ್ಕೆ. ಎಣಿಸಬೇಕಾದರೆ ಅಧಿಕಾರಿ ಒಳಗೆ ಬರಬೇಕು, ಮಲಗುವ ಕೋಣೆಗೂ ಇಣುಕಬೇಕು. ಜನ ಉರಿದುಬಿದ್ದರು, ಕೆಲವು ಕಡೆ ಊರೇ ಉರಿದುಬಿತ್ತು. 1684ರಲ್ಲಿ ಆಕ್ಸ್‌ಫರ್ಡ್‌ಷೈರಿನ ಚರ್ಚಿಲ್ ಎಂಬ ಹಳ್ಳಿಯಲ್ಲಿ ರೊಟ್ಟಿ ಸುಡುವ ಹೆಂಗಸೊಬ್ಬಳು ಹೊಗೆಗೂಡಿನ ಲೆಕ್ಕ ತಪ್ಪಿಸಲು ತನ್ನ ಒಲೆಯಿಂದ ಪಕ್ಕದ ಮನೆಯ ಹೊಗೆಗೂಡಿಗೆ ಗೋಡೆ ಕೊರೆದಳಂತೆ. ಬೆಂಕಿ ಹತ್ತಿ ಸುಮಾರು 20 ಮನೆ ಹೋದವು, ನಾಲ್ವರು ಸತ್ತರು. 1689ರಲ್ಲಿ ಒಲೆ ತೆರಿಗೆ ರದ್ದಾಯಿತು.

ರಾಜನಿಗೆ ಹಣ ಬೇಡವಾಯಿತೆಂದಲ್ಲ. ಮನೆಯೊಳಗೆ ಕಾಲಿಡದೆ ಎಣಿಸುವುದಕ್ಕೆ ಏನಾದರೂ ಬೇಕಾಗಿತ್ತು. 1696ರಲ್ಲಿ ಸಿಕ್ಕಿತು: ಕಿಟಕಿ. ಬೀದಿಯಲ್ಲಿ ನಿಂತು, ತಲೆಯೆತ್ತಿ, ಬೆರಳು ಮಡಿಚುತ್ತ ಹೋದರಾಯಿತು. ಒಂದು ಮನೆಗೆ ಎರಡು ಷಿಲಿಂಗ್, ಕಿಟಕಿ ಹತ್ತಕ್ಕೆ ಮುಟ್ಟಿದರೆ ಅದರ ಮೇಲೆ ಇನ್ನು ನಾಲ್ಕು, ಇಪ್ಪತ್ತು ದಾಟಿದರೆ ಎಂಟು. ದೊಡ್ಡ ಮನೆಗೆ ಕಿಟಕಿ ಹೆಚ್ಚು, ದೊಡ್ಡ ಮನೆಯವನಿಗೆ ದುಡ್ಡು ಹೆಚ್ಚು ಎಂಬ ಲೆಕ್ಕಾಚಾರ. ಬುದ್ಧಿವಂತಿಕೆಯ ಯೋಜನೆ ಎಂದೇ ಹೇಳಬೇಕು. ಅದರ ಹುಳುಕು ತೋರಿಸಿದವನು ಆಡಂ ಸ್ಮಿತ್: ಹಳ್ಳಿಯ ಕಡೆ ಹತ್ತು ಪೌಂಡ್ ಬಾಡಿಗೆಯ ಮನೆಗೆ ಲಂಡನ್ನಿನ ಐನೂರು ಪೌಂಡಿನ ಮನೆಗಿಂತ ಹೆಚ್ಚು ಕಿಟಕಿ ಇರಬಹುದಲ್ಲ ಎಂದ. ಆದರೂ ಆ ತೆರಿಗೆ 155 ವರ್ಷ ಬಾಳಿತು.

ಜನ ಸುಮ್ಮನಿರಲಿಲ್ಲ, ಇಟ್ಟಿಗೆ ತಂದು ಕಿಟಕಿ ಮುಚ್ಚಿದರು. ಈಗಲೂ ಇಂಗ್ಲೆಂಡಿನ ಹಳೆಯ ಬೀದಿಗಳಲ್ಲಿ ಗೋಡೆಯ ನಡುವೆ ಕಿಟಕಿಯ ಚೌಕಟ್ಟು ಹಾಗೇ ಇದ್ದು ಒಳಗೆ ಇಟ್ಟಿಗೆ ತುಂಬಿರುವುದು ಕಾಣುತ್ತದೆ. ಅವೆಲ್ಲವೂ ತೆರಿಗೆಗೇ ಮುಚ್ಚಿದ್ದೆಂದು ಹೇಳಲಾಗದು; ಕೆಲವನ್ನು ಮನೆಯ ಮುಖ ಎರಡು ಕಡೆಯೂ ಸರಿಸಮವಾಗಿ ಕಾಣಲೆಂದೇ ಕುರುಡು ಕಿಟಕಿಯಾಗಿ ಕಟ್ಟಿದ್ದರು. ಆದರೆ ಅನುಮಾನಕ್ಕೆ ಎಡೆಯಿಲ್ಲದ ಸಾಕ್ಷ್ಯ ತೆರಿಗೆಯ ಕಡತದಲ್ಲೇ ಇದೆ. 1747ರ ನಂತರ ಲೆಕ್ಕ ಬದಲಾಗಿ, ಹತ್ತನೆಯ ಕಿಟಕಿ ಇಟ್ಟ ಕೂಡಲೇ ಹತ್ತಕ್ಕೂ ಆರಾರು ಪೆನ್ನಿ ತೆರಬೇಕಾಯಿತು; ಹದಿನೈದಕ್ಕೆ ಹೋದರೆ ದರ ಇನ್ನೊಂದು ಮೆಟ್ಟಿಲು ಏರುತ್ತಿತ್ತು, ಇಪ್ಪತ್ತಕ್ಕೆ ಮತ್ತೊಂದು. ಓಟ್ಸ್ ಮತ್ತು ಶ್ವಾಬ್ ಎಂಬ ಇಬ್ಬರು ಅಮೆರಿಕದ ಅರ್ಥಶಾಸ್ತ್ರಜ್ಞರು ಆ ಕಾಲದ ದಾಖಲೆ ತೆಗೆದು ಮನೆಗಳನ್ನು ಎಣಿಸಿದರು. 9 ಕಿಟಕಿಯ ಮನೆಗಳು ರಾಶಿ, 14ರವು ರಾಶಿ, 19ರವು ರಾಶಿ. 10, 15, 20ರಲ್ಲಿ ಯಾರೂ ಇಲ್ಲದಷ್ಟು ವಿರಳ. ಒಂದು ಊರಿನ ಜನ ಎಲ್ಲಿ ಕೂತು ಪತ್ರ ಬರೆಯಬೇಕು, ಯಾವ ಮೂಲೆಯಲ್ಲಿ ಕತ್ತಲಿರಬೇಕು ಎಂಬುದನ್ನು ದೂರದ ಪಾರ್ಲಿಮೆಂಟಿನ ಒಂದು ಕೋಷ್ಟಕ ಗೆರೆ ಹಾಕಿ ನಿರ್ಧರಿಸಿತ್ತು.

ವಿನಾಯಿತಿಯೂ ಇತ್ತು. ಹಾಲು ಬೆಣ್ಣೆ ಇಡುವ ಕೋಣೆಗೆ ಗಾಳಿ ಬೇಕೇ ಬೇಕಲ್ಲ; ಅಂಥ ಕೋಣೆಯ ಬಾಗಿಲ ಮೇಲೆ ಡೈರಿ ಎಂದೋ ಗಿಣ್ಣಿನ ಕೋಣೆ ಎಂದೋ ಬಣ್ಣದಲ್ಲಿ ಬರೆಸಿದರೆ ಅದರ ಕಿಟಕಿ ಲೆಕ್ಕಕ್ಕಿಲ್ಲ. ಗಿಣ್ಣಿಗೆ ಗಾಳಿ ಪುಕ್ಕಟೆ, ಮಗುವಿಗೆ ಗಾಳಿಗೆ ತೆರಿಗೆ. ಬಡವರು ಬಾಡಿಗೆಗಿದ್ದ ದೊಡ್ಡ ಕಟ್ಟಡಗಳ ಮಾಲೀಕರು ತೆರಿಗೆ ಉಳಿಸಲು ಕಿಟಕಿ ಮುಚ್ಚಿಸಿದರು. ಹಾಗೆ ಮುಚ್ಚಿದ ಮನೆಗಳಲ್ಲಿ ಜ್ವರ ಹರಡುತ್ತದೆ ಎಂದು ವೈದ್ಯರು ಹೇಳುತ್ತಲೇ ಬಂದರು, ಚಾರ್ಲ್ಸ್ ಡಿಕೆನ್ಸ್ 1850ರಲ್ಲಿ ತನ್ನ ಪತ್ರಿಕೆಯಲ್ಲಿ ಹರಿಹಾಯ್ದ. 1851ರಲ್ಲಿ ಕಿಟಕಿ ತೆರಿಗೆ ಹೋಯಿತು. ಅದಕ್ಕೂ ಆರು ವರ್ಷ ಮುಂಚೆ ಗಾಜಿನ ಮೇಲಿನ ಸುಂಕ ಹೋಗಿತ್ತು. ಅದೇ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗೋಡೆಯೆಲ್ಲ ಗಾಜೇ ಆಗಿದ್ದ ಕ್ರಿಸ್ಟಲ್ ಪ್ಯಾಲೆಸ್ ಎದ್ದು ನಿಂತಿತು. ಹಳೆಯ ಲೆಕ್ಕದಲ್ಲಿ ಅದರ ಕಿಟಕಿ ಎಣಿಸಲು ಹೋದವನ ಪಾಡು ಬೇಡ.

ಇಟ್ಟಿಗೆಯ ಮಾತು ಬಂತಲ್ಲ. ಅದಕ್ಕೂ ತೆರಿಗೆಯಿತ್ತು, 1784ರಿಂದ. ಅಮೆರಿಕ ಕೈಬಿಟ್ಟು ಹೋದ ಯುದ್ಧದ ಸಾಲ ತೀರಿಸಬೇಕಿತ್ತು. ಸಾವಿರ ಇಟ್ಟಿಗೆಗೆ ಇಷ್ಟು ಎಂದು ಹಾಕಿದರು. ಸಾವಿರಕ್ಕೆ ತಾನೆ? ಮೀಷಮ್ ಎಂಬ ಊರಿನ ಜೋಸೆಫ್ ವಿಲ್ಕ್ಸ್ ಇಟ್ಟಿಗೆಯನ್ನೇ ಹೆಚ್ಚುಕಡಿಮೆ ಎರಡರಷ್ಟು ದಪ್ಪ ಮಾಡಿದ. ಆ ಊರಿನ ಹಳೆಯ ಗೋಡೆಗಳಲ್ಲಿ ಆ ದಡೂತಿ ಇಟ್ಟಿಗೆಗಳು ಇಂದಿಗೂ ಇವೆ. 1803ರಲ್ಲಿ ಸರ್ಕಾರ 150 ಘನ ಅಂಗುಲ ಮೀರಿದ ಇಟ್ಟಿಗೆಗೆ ಎರಡು ಪಟ್ಟು ಎಂದಿತು. ಇಟ್ಟಿಗೆ ಮತ್ತೆ ಮೈ ಇಳಿಸಿತು. ಗೋಡೆಗೆ ಅಂಟಿಸುವ ಚಿತ್ತಾರದ ಕಾಗದಕ್ಕೆ ತೆರಿಗೆ ಬಂದಾಗ ಜನ ಬರಿಯ ಕಾಗದ ಕೊಂಡು ತಂದು ಅಂಟಿಸಿ, ಮೇಲೆ ಬಣ್ಣದವನನ್ನು ಕರೆಸಿ ಹೂಬಳ್ಳಿ ಬರೆಸಿಕೊಂಡರು.

ಇಸ್ಪೀಟಿನ ಕಥೆ ಮಾತ್ರ ನಗುವಂಥದ್ದಲ್ಲ. ಎಲೆಯ ಕಟ್ಟಿಗೆ ಸುಂಕ ಕಟ್ಟಿದ್ದಕ್ಕೆ ಗುರುತು ಬೇಕಲ್ಲ. 1765ರಿಂದ ಇಸ್ಪೀಟಿನ ಎಕ್ಕವನ್ನು ಸರ್ಕಾರದ ಮುದ್ರಾಂಕ ಕಚೇರಿಯೇ ಅಚ್ಚು ಹಾಕಿ ಕೊಡುತ್ತಿತ್ತು. ಉಳಿದ 51 ಎಲೆ ತಯಾರಕನದು, ಎಕ್ಕ ಒಂದು ರಾಜನದು. ಇವತ್ತಿಗೂ ಕಟ್ಟು ಬಿಡಿಸಿ ನೋಡಿ, ಮಿಕ್ಕ ಮೂರು ಎಕ್ಕ ಬೋಳು ಬೋಳಾಗಿರುತ್ತವೆ, ಇಸ್ಪೀಟಿನ ಎಕ್ಕ ಮಾತ್ರ ಬಳ್ಳಿ ಬಾಸಿಂಗ ಕಟ್ಟಿಕೊಂಡು ಕೂತಿರುತ್ತದೆ. ಅದು ಆ ಠಸ್ಸೆಯ ಉಳಿಕೆ. ಆ ಎಕ್ಕವನ್ನು ನಕಲು ಮಾಡಿದ ತಪ್ಪಿಗೆ ರಿಚರ್ಡ್ ಹಾರ್ಡಿಂಗ್ ಎಂಬವನನ್ನು 1805ರಲ್ಲಿ ನೇಣಿಗೆ ಹಾಕಿದರು.

ಟೋಪಿಗೆ ಬರೋಣ. 1784ರಲ್ಲೇ ಗಂಡಸರ ಟೋಪಿಗೂ ತೆರಿಗೆ ಬಿತ್ತು. ಅಗ್ಗದ್ದಕ್ಕೆ ಮೂರು ಪೆನ್ನಿ, 12 ಷಿಲಿಂಗ್ ದಾಟಿದ್ದಕ್ಕೆ ಎರಡು ಷಿಲಿಂಗ್. ಕಟ್ಟಿದ್ದಕ್ಕೆ ಒಳಗಿನ ಅಸ್ತರಿಗೆ ಒಂದು ಚೀಟಿ. ಟೋಪಿ ಮಾಡುವವರು ಯೋಚಿಸಿದರು: ಕಾನೂನು ಟೋಪಿ ಎನ್ನುತ್ತದೆ, ನಾವು ಮಾಡುವುದನ್ನು ಟೋಪಿ ಎನ್ನದಿದ್ದರಾಯಿತು. ಬೇರೆ ಬೇರೆ ಹೆಸರು ಇಟ್ಟು ಮಾರಿದರು. ಇದು ಗೊತ್ತಾಗಲು ಸರ್ಕಾರಕ್ಕೆ ಬಹಳ ಕಾಲ ಹಿಡಿಯಿತು. 1804ರಲ್ಲಿ ತಲೆಯ ಮೇಲೆ ಏನೇ ಇಟ್ಟರೂ ಟೋಪಿ ಎಂದು ಕಾನೂನು ತಿದ್ದಿದರು, 1811ರಲ್ಲಿ ಸಾಕಾಗಿ ಕೈಬಿಟ್ಟರು. ಈ ನಡುವೆ ಕೂದಲಿಗೆ ಹಾಕುವ ಪುಡಿಗೂ ವರ್ಷಕ್ಕೊಂದು ಗಿನಿ ಎಂದು 1795ರಲ್ಲಿ ಪ್ರಧಾನಿ ಪಿಟ್ ಹೇಳಿದ್ದ. ಕಟ್ಟಿದ ಶ್ರೀಮಂತರನ್ನು ಜನ ಗಿನಿಪಿಗ್‌ಗಳು ಎಂದು ಕರೆದರು, ಕಟ್ಟಲೊಲ್ಲದವರು ಕೂದಲು ಗಿಡ್ಡ ಮಾಡಿಸಿಕೊಂಡರು, ಪುಡಿಯ ಕಾಲವೇ ಮುಗಿಯಿತು.

ಟೋಪಿಯ ಜೊತೆ ನಮಗೊಂದು ಸಂಬಂಧವಿದೆ, ಅದನ್ನು ಹೇಳದೆ ಮುಂದೆ ಹೋಗಬಾರದು. 1860ರಲ್ಲಿ ಭಾರತಕ್ಕೆ ಆದಾಯ ತೆರಿಗೆ ತಂದ ಜೇಮ್ಸ್ ವಿಲ್ಸನ್ ಸ್ಕಾಟ್ಲೆಂಡಿನ ಹಾವಿಕ್ ಊರಿನವನು. ಎಕಾನಮಿಸ್ಟ್ ಪತ್ರಿಕೆ ಹುಟ್ಟಿಹಾಕಿದ ದೊಡ್ಡ ಮನುಷ್ಯ. ಅದಕ್ಕೂ ಮೊದಲು ಅವನ ಕಸುಬು ಟೋಪಿ ತಯಾರಿಕೆ. ಅವನು ತೆರಿಗೆ ಮಂಡಿಸಿದ ಕಲ್ಕತ್ತೆಯ ಸಭೆಯಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಸಿಪಾಯಿ ದಂಗೆ ಅಡಗಿಸಿದ ಖರ್ಚು ತುಂಬಬೇಕು ಎಂಬುದು ಅವನ ಕಾರಣ. ವರ್ಷಕ್ಕೆ 200 ರೂಪಾಯಿ ದಾಟಿದವನಿಗೆ ಶೇ. 2, 500 ದಾಟಿದವನಿಗೆ ಶೇ. 4. ಜುಲೈ 24ಕ್ಕೆ ಕಾನೂನಾಯಿತು, ಆಗಸ್ಟಿನಲ್ಲಿ ವಿಲ್ಸನ್ ಆಮಶಂಕೆಯಿಂದ ಕಲ್ಕತ್ತೆಯಲ್ಲೇ ತೀರಿಕೊಂಡ. ಆ ದಿನವನ್ನು, ಅಂದರೆ ಜುಲೈ 24ನ್ನು, ಇಲಾಖೆಯವರು ಈಗಲೂ ಆದಾಯ ತೆರಿಗೆ ದಿನವೆಂದು ಆಚರಿಸುತ್ತಾರೆ. ಕಟ್ಟುವವರು ಆಚರಿಸುವುದು ಕಡಿಮೆ.

ಇಲ್ಲಿಯವರೆಗೆ ಹೆಸರು ಬದಲಾಯಿಸಿದವರು ಕಟ್ಟುವ ಜನ. ಆದರೆ ಸರ್ಕಾರಗಳಿಗೂ ಈ ವಿದ್ಯೆ ಕೈಹತ್ತಿದೆ. ಅವರಿಗೆ ಬೇಡವಾದ ಹೆಸರು ಒಂದೇ, ಟ್ಯಾಕ್ಸ್. ಮಾರ್ಗರೆಟ್ ಥ್ಯಾಚರ್ ಸರ್ಕಾರ ಆಸ್ತಿ ಎಷ್ಟಿದ್ದರೂ ತಲೆಗಿಷ್ಟು ಎಂದು ವಸೂಲಿ ಮಾಡಲು ಹೊರಟಾಗ ಅದಕ್ಕೆ ಇಟ್ಟ ಹೆಸರು ಕಮ್ಯೂನಿಟಿ ಚಾರ್ಜ್, ಅಂದರೆ ಊರೊಟ್ಟಿನ ವಂತಿಗೆ ಎಂಬಂಥ ಮಾತು. 1989ರಲ್ಲಿ ಸ್ಕಾಟ್ಲೆಂಡಿಗೆ, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಬಂತು. ಜನ ಆ ಹೆಸರನ್ನು ಬಾಯಿಗೇ ಹಾಕಿಕೊಳ್ಳಲಿಲ್ಲ. ಪೋಲ್ ಟ್ಯಾಕ್ಸ್ ಎಂದರು, ತಲೆಗಂದಾಯ. ಅದು 1381ರಲ್ಲಿ ವಾಟ್ ಟೈಲರ್‌ನ ಹಿಂದೆ ರೈತರು ಲಂಡನ್ನಿಗೆ ನುಗ್ಗಿದಾಗಿನ ಹೆಸರು. ಆರು ನೂರು ವರ್ಷದ ಹಳೆಯ ಸಿಟ್ಟು ಆ ಎರಡು ಪದದ ಜೊತೆಗೇ ಬಂತು. 1990ರ ಮಾರ್ಚ್ 31ರಂದು ಟ್ರಫಾಲ್ಗರ್ ಚೌಕದಲ್ಲಿ ಗಲಭೆಯಾಯಿತು, ನವೆಂಬರಿನಲ್ಲಿ ಥ್ಯಾಚರ್ ಇಳಿದರು. ಇಳಿಯಲು ಬೇರೆ ಕಾರಣಗಳೂ ಇದ್ದವು, ಇದೂ ಒಂದು. 1993ಕ್ಕೆ ಆ ವಂತಿಗೆ ಹೋಗಿ ಅದರ ಜಾಗದಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಂತು. ಈ ಸಲ ಹೆಸರು ಮುಚ್ಚಿಡಲಿಲ್ಲ.

ಅಮೆರಿಕದಲ್ಲಿ ಇದರ ತಿರುವುಮುರುವು ನಡೆಯಿತು. ಒಬಾಮಾ ತಂದ ಆರೋಗ್ಯ ವಿಮೆಯ ಕಾನೂನಿನಲ್ಲಿ ವಿಮೆ ಮಾಡಿಸದವರಿಗೆ ದಂಡ ಎಂದಿತ್ತು. ಇದು ತೆರಿಗೆಯಲ್ಲ ಎಂದು ರಾಜಕಾರಣಿಗಳು ಊರೆಲ್ಲ ಹೇಳಿಕೊಂಡು ಬಂದಿದ್ದರು. 2012ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ದಂಡ ಎಂದರೆ ಇದು ನಿಲ್ಲುವುದಿಲ್ಲ, ತೆರಿಗೆ ಎಂದುಕೊಂಡರೆ ನಿಲ್ಲುತ್ತದೆ ಎಂದು ಕಾನೂನನ್ನು ಉಳಿಸಿದರು. ಬೇಡ ಬೇಡ ಎಂದು ದೂರ ಇಟ್ಟಿದ್ದ ಹೆಸರೇ ಕೊನೆಗೆ ಪ್ರಾಣ ಕಾಪಾಡಿತು.

ನಮ್ಮಲ್ಲಿ ಈ ನಾಜೂಕಿಗೆ ಸೆಸ್ ಎನ್ನುತ್ತಾರೆ. ಮನೆಕಂದಾಯದ ರಸೀತಿಯನ್ನು ಓದುವ ಅಭ್ಯಾಸವಿಲ್ಲದವರು ಒಮ್ಮೆ ಓದಬೇಕು. ಕಂದಾಯದ ಕೆಳಗೆ ಸಣ್ಣಕ್ಷರದಲ್ಲಿ ಸೆಸ್‌ಗಳ ಒಂದು ಸಂಸಾರವೇ ಇರುತ್ತದೆ. ಗ್ರಂಥಾಲಯಕ್ಕೆ ಶೇ. 6. ಭಿಕ್ಷುಕರಿಗೆ ಶೇ. 3. ಕನ್ನಡದ ಲೇಖಕನಿಗೆ ಪುಸ್ತಕದ ಪಾಲು ಭಿಕ್ಷೆಯ ಪಾಲಿನ ಎರಡರಷ್ಟಿದೆ ಎಂಬುದು ಸಮಾಧಾನದ ವಿಷಯ. ಎರಡೂ ಒಂದೇ ರಸೀತಿಯಲ್ಲಿ ಪಕ್ಕಪಕ್ಕದಲ್ಲಿ ಕೂತಿರುವುದು ಮಾತ್ರ ಸ್ವಲ್ಪ ಮುಜುಗರ.

ಇಂಗ್ಲಿಷ್ ಮಾತಾಡುವ ಸಾಮಾನ್ಯ ಜನರಿಗಾದರೋ ಟ್ಯಾಕ್ಸ್ ಎಂಬ ಹೆಸರಿನ ಮೇಲೆ ಯಾವ ಮಡಿವಂತಿಕೆಯೂ ಇಲ್ಲ, ಎಲ್ಲಿ ಬೇಕಾದರೂ ಅಂಟಿಸುತ್ತಾರೆ. ಬ್ರಿಟನ್ನಿನಲ್ಲಿ ರೋಡ್ ಟ್ಯಾಕ್ಸ್ ಎಂಬುದು 1937ರಲ್ಲೇ ರದ್ದಾಗಿದೆ, ಈಗಿರುವುದು ವಾಹನದ ಮೇಲಿನ ಸುಂಕ. ಆದರೂ ಕಾರಿನವರು ಸೈಕಲ್ಲಿನವರನ್ನು ನೋಡಿ, ರೋಡ್ ಟ್ಯಾಕ್ಸ್ ಕಟ್ಟದೆ ರೋಡಿಗೆ ಬರುತ್ತಾರೆ ಎಂದು ಬೈಯುವುದು ನಿಂತಿಲ್ಲ. ಹೆಂಗಸರ ರೇಜರಿಗೆ ಅದೇ ಕಂಪನಿ ಹೆಚ್ಚು ಬೆಲೆ ಹಾಕಿದರೆ ಪಿಂಕ್ ಟ್ಯಾಕ್ಸ್. ಮಗುವಿನ ತಟ್ಟೆಯಿಂದ ಅಪ್ಪ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡರೆ ಡ್ಯಾಡ್ ಟ್ಯಾಕ್ಸ್. ಈ ಕೊನೆಯದು ನಮ್ಮ ಅಕ್ಕನ ಮನೆಯಲ್ಲೂ ಜಾರಿಯಲ್ಲಿದೆ. ಭಾವ ಮಗನ ತಟ್ಟೆಯ ಕೋಡುಬಳೆಗೆ ಕೈ ಹಾಕಿ, "ಟ್ಯಾಕ್ಸ್ ಮಗಾ" ಎನ್ನುತ್ತಾರೆ. ಕಾಲೇಜಿಗೆ ಹೋಗುವ ಮಗ, "ಇನ್‌ವಾಯ್ಸ್ ಕೊಡಿ ಅಪ್ಪ" ಎನ್ನುತ್ತಾನೆ.

ಆ ಮನೆಯ ಅಡುಗೆಮನೆಯಲ್ಲೇ ಒಂದು ದೊಡ್ಡ ಮೊಕದ್ದಮೆ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿತ್ತು. ಅಕ್ಕ ಹುಟ್ಟಿದ್ದು ಮೈಸೂರು ಸೀಮೆಯಲ್ಲಿ. ಅಲ್ಲಿ ಕೊಬ್ಬರಿ ಎಣ್ಣೆ ಎಂದರೆ ತಲೆಗೆ, ಬಚ್ಚಲ ಗೂಡಿನಲ್ಲಿ ಇರುವಂಥದ್ದು. ಮದುವೆಯಾಗಿ ಉಡುಪಿಗೆ ಹೋದರೆ ಅತ್ತೆ ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತಿದ್ದಾರೆ. ಮೊದಲ ವಾರ ಪಲ್ಯ ಬಾಯಿಗಿಟ್ಟಾಗಲೆಲ್ಲ ಯಾರದೋ ಜಡೆ ನೆನಪಾಗುತ್ತಿತ್ತು ಎಂದು ಅಕ್ಕ ಈಗಲೂ ಹೇಳುತ್ತಾಳೆ. ತೆರಿಗೆ ಇಲಾಖೆಗೂ ಇದೇ ಸಂಕಟ. ಸಣ್ಣ ಬಾಟಲಿಯಲ್ಲಿ ಬರುವ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದೋ ಕೂದಲಿನದೋ? 2025ರ ಸೆಪ್ಟೆಂಬರಿನವರೆಗೆ ಅಡುಗೆಯದಾದರೆ ಜಿಎಸ್‌ಟಿ ಶೇ. 5, ಕೂದಲಿನದಾದರೆ ಶೇ. 18 ಇತ್ತು. ಕೇಂದ್ರ ಅಬಕಾರಿ ಸುಂಕದ ಕಾಲದಿಂದ ಬಂದ ವ್ಯಾಜ್ಯ ಇದು. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆಯಾದರು. ಒಬ್ಬರು ಕರಾವಳಿಯವರಾಗಿರಬೇಕು ಎಂದು ಅಕ್ಕನ ಊಹೆ, ಅಲ್ಲ. ಕೊನೆಗೆ 2024ರ ಡಿಸೆಂಬರಿನಲ್ಲಿ ಮೂವರ ಪೀಠ ತೀರ್ಪು ಕೊಟ್ಟಿತು: ಬಾಟಲಿ ಸಣ್ಣದು ಎಂಬ ಒಂದೇ ಕಾರಣಕ್ಕೆ ಅದು ತಲೆಯೆಣ್ಣೆಯಾಗುವುದಿಲ್ಲ, ಮೇಲೆ ಹಾಗೆಂದು ಬರೆದಿರದಿದ್ದರೆ ಅದು ಖಾದ್ಯತೈಲವೇ. ಅಕ್ಕನ ಅತ್ತೆ ಇದನ್ನು ಕೇಳಿ, ಇಷ್ಟು ತಿಳಿಯಲಿಕ್ಕೆ ದೆಹಲಿಗೆ ಹೋಗಬೇಕಿತ್ತಾ ಎಂದರು.

ಅದೇ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಜೈಸಲ್ಮೇರಿನಲ್ಲಿ ಸೇರಿ, ಉಪ್ಪುಖಾರದ ಪಾಪ್‌ಕಾರ್ನ್ ಬಿಡಿಯಾಗಿ ಕೊಟ್ಟರೆ ಶೇ. 5, ಪ್ಯಾಕೆಟಿನಲ್ಲಿ ಕೊಟ್ಟರೆ ಶೇ. 12, ಸಕ್ಕರೆ ಪಾಕ ಹಚ್ಚಿದರೆ ಶೇ. 18 ಎಂದು ವಿವರಿಸಿತು. ಅಂದು ಭಾವನ ಮುಖದಲ್ಲಿ ಹಬ್ಬದ ಕಳೆಯಿತ್ತು.

ಆದರೆ ಅವರಿಗೆ ತೀರಾ ಪ್ರಿಯವಾದದ್ದು ಪರೋಟದ ಪ್ರಕರಣ, ಅದು ಬೆಂಗಳೂರಿನದೇ. ಇಡ್ಲಿ ದೋಸೆ ಹಿಟ್ಟಿಗೆ ಹೆಸರಾದ ಐಡಿ ಫ್ರೆಶ್ ಕಂಪನಿ ಪರೋಟವನ್ನೂ ಪ್ಯಾಕೆಟಿನಲ್ಲಿ ಮಾರುತ್ತದೆ. ಇದು ರೊಟ್ಟಿ ಚಪಾತಿಯ ಬಳಗದ್ದೇ, ಹಾಗಾಗಿ ಶೇ. 5 ಸಾಕಲ್ಲವೇ ಎಂದು ಅದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತು. ಪ್ರಾಧಿಕಾರ 2020ರಲ್ಲಿ ಅಲ್ಲ ಎಂದಿತು. ರೊಟ್ಟಿ, ಚಪಾತಿ, ಖಾಕ್ರಾ ಹಾಗೇ ತಿನ್ನಲು ಸಿದ್ಧವಿರುವಂಥವು. ಈ ಪರೋಟವನ್ನು ಇನ್ನೊಮ್ಮೆ ಕಾವಲಿಯ ಮೇಲೆ ಬಿಸಿ ಮಾಡಬೇಕು. ಆದ್ದರಿಂದ ಅದು 1905ರ ಗೋತ್ರದ್ದಲ್ಲ, 2106ರದ್ದು, ಶೇ. 18. ದೇಶದ ಜಾಲತಾಣಗಳೆಲ್ಲ ಎರಡು ದಿನ ಕುದಿದವು, ದಕ್ಷಿಣದವರ ತಿಂಡಿಗೆ ಅವಮಾನವಾಯಿತೆಂದರು. ಭಾವ ಮಾತ್ರ ತೀರ್ಪಿನ ಪ್ರತಿ ತರಿಸಿಕೊಂಡು ಅಡಿಗೆರೆ ಹಾಕುತ್ತ ಓದಿದರು. ಆಮೇಲೆ 2025ರ ಸೆಪ್ಟೆಂಬರಿನಲ್ಲಿ ಮಂಡಳಿ ದರಗಳನ್ನೆಲ್ಲ ಕಲಸಿ ಮತ್ತೆ ಹಂಚಿದಾಗ ರೊಟ್ಟಿ, ಚಪಾತಿ, ಪರೋಟ ಎಲ್ಲವನ್ನೂ ಒಟ್ಟಿಗೆ ಕೂರಿಸಿ ಸೊನ್ನೆ ಮಾಡಿತು. 22ನೇ ತಾರೀಕಿನಿಂದ ಜಾರಿ. ಆ ಸುದ್ದಿಯನ್ನು ಭಾವ ಊಟದ ಹೊತ್ತಿಗೆ ತುಸು ಬೇಸರದಿಂದಲೇ ಹೇಳಿದರು. ಒಳ್ಳೆಯ ವ್ಯಾಜ್ಯವೊಂದು ಕೈತಪ್ಪಿತಲ್ಲ.

ಅಕ್ಕ ಸಾರು ಬಡಿಸುತ್ತಿದ್ದವಳು ಸೌಟು ನಿಲ್ಲಿಸಿ ಕೇಳಿದಳು. "ಹಾಗಾದ್ರೆ ಇಷ್ಟು ವರ್ಷ ಅದು ರೊಟ್ಟಿನೂ ಅಲ್ಲ, ಚಪಾತಿನೂ ಅಲ್ಲ ಅಂದ್ರೆ ಏನಾಗಿತ್ತು?"

"2106," ಎಂದರು ಭಾವ. "ಬೇರೆ ಎಲ್ಲಿಯೂ ಹೆಸರಿಸದ, ಬೇರೆ ಎಲ್ಲಿಯೂ ಸೇರದ ಆಹಾರ ಪದಾರ್ಥ. ಹಾಗಂತ ಬರ್ದದ್ದು ಉಂಟು."

"ಅದಕ್ಕೆ ನಮ್ಮ ಕಡೆ ಉಪ್ಪಿಟ್ಟು ಅಂತೀವಿ," ಎಂದು ಅಕ್ಕ ಸಾರು ಬಡಿಸಿದಳು.